ನಸುಕು ಹರದದೇನ್ರೀ?



ನನಗೆ ಆಗ 8 ವರ್ಷ. ಇಂಡಿ ತಾಲ್ಲೂಕಿನ ನಮ್ಮೂರ ಮಠದಲ್ಲಿ ಪುರಾಣ ಹಚ್ಚಿದ್ದರು. ನಮ್ಮ ಕಡೆ ಪುರಾಣ ಹಚ್ಚಿದ್ದಾರೆ ಅಂದರೆ ಊರಿಗೆ ಮೂರು ಮಂದಿ ಬಂದಿದ್ದಾರೆ ಎಂದರ್ಥ: ಪುರಾಣ ಹೇಳುವ ಶಾಸ್ತ್ರಿಗಳು, ಹಾಡುವ ಗವಾಯಿಗಳು, ತಬಲಾ ನುಡಿಸುವವರು. ಮೂವರೂ ಮಠದಲ್ಲೇ ಇದ್ದು, ಊರವರ ಮನೆಗಳಿಂದ ಬಂದ ರೊಟ್ಟಿ ಉಂಡು, ದಿನಾ ಸಂಜೆ ಕಥೆ ಮುಂದುವರಿಸುತ್ತಾರೆ. ಕೊನೆಯ ದಿನ ಮಂಗಲ. ಮಂಗಲದ ರಾತ್ರಿ ಪ್ರಸಾದವಾಗಿ ಶಾಸ್ತ್ರಿಗಳು ಮಲಗಿದರೆ, ಉಳಿದ ರಾತ್ರಿಯೆಲ್ಲ ಗವಾಯಿಗಳದು.

ಆ ವರ್ಷ ಬಂದಿದ್ದ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ತರುಣರು. ನಡುರಾತ್ರಿ ದಾಟುವವರೆಗೆ ಮಾಲಕಂಸ ಹಾಡಿದರು. ಆಮೇಲೆ ಊರ ಹಿರಿಯರು ಕೇಳಿದ ತತ್ವಪದಗಳು. ಗ್ಯಾಸಬತ್ತಿ ಆರಿ ಕಂದೀಲು ಒಂದೇ ಉಳಿದಿತ್ತು. ನಾನು ಅಜ್ಜನ ಕಂಬಳಿಯೊಳಗೆ ಮುದುಡಿ ಅರೆನಿದ್ದೆಯಲ್ಲಿದ್ದೆ. ಹಾಡು ನಿಂತದ್ದಕ್ಕೇ ಎಚ್ಚರವಾಯಿತು. ಗವಾಯಿಗಳು ಮುಖವನ್ನು ಅಂಗಳದ ಕಡೆ ತಿರುಗಿಸಿ ಕೇಳಿದರು, ‘ಯಜಮಾನ್ರ, ನಸುಕು ಹರದದೇನ್ರೀ?’

ಅಜ್ಜ ಎದ್ದು, ಧೋತರ ಸರಿ ಮಾಡಿಕೊಂಡು, ಪೌಳಿಯ ಬಾಗಿಲಿಗೆ ಹೋಗಿ, ಬೇವಿನ ಮರದ ಆಚೆ ಮೂಡಲ ದಿಕ್ಕು ನೋಡಿ ಬಂದ. ‘ಇಲ್ರಿ. ಇನ್ನ ಒಂದ್ ತಾಸು ಅದ.’

‘ಹಂಗಾರ ಲಲತ ಹಾಡ್ತೀನ್ರಿ.’

ಹಾಡಿದರು. ಲಲತ ನಸುಕಿಗೆ ಮೊದಲಿನ ರಾಗ. ಹಾಡುತ್ತ ಹಾಡುತ್ತ ಪಡಸಾಲೆಯ ಕಂಬಗಳು ಒಂದೊಂದಾಗಿ ಕಾಣತೊಡಗಿದವು. ಯಾರೂ ಕೇಳದೆಯೇ ಅಜ್ಜ ಹೇಳಿದ, ‘ಹರೀತ್ರಿ.’ ಗವಾಯಿಗಳು ತಂಬೂರಿಯನ್ನು ಮಡಿಲಿಗೆ ಎಳೆದುಕೊಂಡು, ಕಿವಿಯನ್ನು ಹತ್ತಿರ ತಂದು, ಬಿರಡೆ ತಿರುವಿ, ಅಷ್ಟು ಹೊತ್ತು ಮಧ್ಯಮಕ್ಕೆ ಇಟ್ಟಿದ್ದ ಮೊದಲ ತಂತಿಯನ್ನು ಪಂಚಮಕ್ಕೆ ಏರಿಸಿದರು. ಬೆಳಗಿನ ರಾಗ ರಾಮಕಲಿ ಶುರುವಾಯಿತು. ಬಂದವರಲ್ಲಿ ಹೆಚ್ಚಿನವರು ಇನ್ನೂ ಅಲ್ಲೇ ಇದ್ದರು. ಹೊಲಕ್ಕೆ ಹೋಗಬೇಕಾದವರು ಕೂಡ ಬಾರಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಈಗ ನನಗೆ 70 ದಾಟಿದೆ. ಆಮೇಲೆ ಎಷ್ಟೋ ಕಛೇರಿ ಕೇಳಿದೆ. ಸಭಾಂಗಣದಲ್ಲಿ ಕೂತು, ಮರಳಿನ ಮೇಲೆ ಕೂತು, ಜಾಗ ಸಿಗದೆ ಬಾಗಿಲಲ್ಲಿ ನಿಂತು. ಆದರೆ ಕಛೇರಿ ಅಂದ ಕೂಡಲೇ ನೆನಪಾಗುವುದು ಆ ಪ್ರಶ್ನೆ, ಆ ಉತ್ತರ. ಕಣ್ಣು ಕಾಣದ ಹಾಡುಗಾರನಿಗೆ ಬೆಳಕಿನ ಸುದ್ದಿ ತಂದುಕೊಡುವುದು ಕೇಳುಗನ ಕೆಲಸವಾಗಿತ್ತು. ಕೇಳುವುದು ಸುಮ್ಮನೆ ಕೂಡುವುದಲ್ಲ ಎಂದು ನನಗೆ ಕಲಿಸಿದವನು ಅಜ್ಜ.

ಅವತ್ತು ಮಠದಿಂದ ಮನೆಗೆ ಬಂದರೆ ಅವ್ವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದಳು. ಆಗ ಅದು ಹಾಡು ಅಂತ ನನಗೆ ಅನ್ನಿಸಿರಲಿಲ್ಲ. ಜೋಳ ಬೀಸುವ ಸದ್ದಿನೊಳಗೆ ಅದೂ ಒಂದು ಸದ್ದು. ನಮ್ಮ ತಾಲ್ಲೂಕಿನಲ್ಲೇ ಇದ್ದ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಇಂಥ ತ್ರಿಪದಿಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿದ್ದರು ಎಂಬುದು ನನಗೆ ತಿಳಿದದ್ದು ಮಾಸ್ತರಿಕೆಗೆ ಸೇರಿದ ಮೇಲೆ. ಪುಸ್ತಕ ತೆರೆದರೆ ಅವ್ವನ ದನಿ. ಊರಿಗೆ ಹಿಟ್ಟಿನ ಗಿರಣಿ ಬಂದ ವರ್ಷ ಆ ದನಿ ನಿಂತಿತ್ತು. ಗಿರಣಿಯಿಂದ ಅವ್ವನ ರಟ್ಟೆಗೆ ಸುಖವಾಯಿತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೂ ನಸುಕಿನ ಮೊದಲ ಸಂಗೀತ ನಮ್ಮ ಮನೆಯಿಂದ ಹೋದದ್ದು ಹಾಗೆ.

ಮಾಸ್ತರಿಕೆಯಲ್ಲಿ ವರ್ಗವಾದಲ್ಲೆಲ್ಲ ನನಗೆ ಬೇರೆ ಬೇರೆ ಸಂಗೀತ ಸಿಕ್ಕಿತು. ಸಿಂದಗಿ ತಾಲ್ಲೂಕಿನಲ್ಲಿ ಡೊಳ್ಳಿನ ಹಾಡಿಕೆ. ಬೀರಪ್ಪನ ಗುಡಿಯ ಮುಂದೆ ಎರಡು ಮೇಳ ಎದುರಾಬದುರಾ ನಿಂತರೆ ಒಂದು ಸವಾಲು ಹಾಕುತ್ತದೆ, ಇನ್ನೊಂದು ಉತ್ತರ ಕೊಡಬೇಕು. ಅಕ್ಷರ ಬಾರದ ಕುರುಬ ಹಿರಿಯರು ಹಾಲುಮತದ ಕಥೆಯನ್ನು ಬೇರಿನಿಂದ ಹಿಡಿದು ಹಾಡುತ್ತಿದ್ದರು. ಉತ್ತರ ತಪ್ಪಿದರೆ ಮಂದಿಯೇ ಹಿಡಿಯುತ್ತಿದ್ದರು. ಮೊಹರಮ್ಮಿನ ಕತಲ್ ರಾತ್ರಿ ಅಲಾವಿಯ ಸುತ್ತ ರಿವಾಯತ ಪದ ಕೇಳಿದ್ದೂ ಅಲ್ಲೇ. ಹಾಡುವವರಲ್ಲಿ ಯಾರು ಯಾವ ಜಾತಿ ಎಂದು ಗುರುತಿಸಲು ಆಗುತ್ತಿರಲಿಲ್ಲ. ಮುದ್ದೇಬಿಹಾಳದ ಕಡೆ ಭಜನೆ. ಏಕತಾರಿ, ದಮ್ಮಡಿ, ಪೇಟಿ, ತಾಳ. ಸಪ್ತಾಹವೆಂದರೆ 7 ಹಗಲು 7 ರಾತ್ರಿ ತಾಳ ನೆಲಕ್ಕೆ ಇಡುವಂತಿಲ್ಲ. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಬಂದು ಅವರ ಕೈಯಿಂದ ತಾಳ ತೆಗೆದುಕೊಳ್ಳಬೇಕು. ನಸುಕಿನ 3 ಗಂಟೆಯ ಪಾಳಿಗೆ ನಾನೂ ಕೂತಿದ್ದೇನೆ. ಆ ಹೊತ್ತಿನಲ್ಲಿ ದನಿ ತಾನಾಗಿಯೇ ಕೆಳಗಿಳಿಯುತ್ತದೆ. ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕೊನೆಯ ವರ್ಷಗಳು ಬಸವನ ಬಾಗೇವಾಡಿಯ ಕಡೆ. ಅಲ್ಲಿ ಶ್ರಾವಣವೆಂದರೆ ಬಸವೇಶ್ವರ ಜಾತ್ರೆ, ಜಾತ್ರೆಯೆಂದರೆ ವಚನ. ತನ್ನ ಮೈಯನ್ನೇ ವಾದ್ಯ ಮಾಡಿಕೊಳ್ಳೆಂದು ಕೂಡಲಸಂಗಮದೇವನಿಗೆ ಕೇಳಿಕೊಂಡವನು ಹುಟ್ಟಿದ ನೆಲದಲ್ಲಿ ಕೂತು ವಚನ ಕೇಳುವಾಗ ನನಗೆ ಬೇರೆಯೇ ಒಂದು ಭಾರ ಎದೆಯಲ್ಲಿ ಕೂಡುತ್ತಿತ್ತು. ವಚನವನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡಿ ದೊಡ್ಡ ವೇದಿಕೆಗೆ ತಂದವರಲ್ಲಿ ಮಲ್ಲಿಕಾರ್ಜುನ ಮನಸೂರರು ಮುಖ್ಯರು. ಅವರನ್ನು ನಾನು ಹೆಚ್ಚು ಕೇಳಿದ್ದು ರೇಡಿಯೊದಲ್ಲಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ನಮ್ಮಂಥ ಮಳೆಯಿಲ್ಲದ ಊರಿನ ಮಂದಿಗೆ ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಮನಸೂರರ ದನಿ ಕೇಳಿದಾಗಲೆಲ್ಲ ನಮ್ಮೂರ ಮಠದ ಆ ತರುಣ ಗವಾಯಿ ಯಾಕೆ ನೆನಪಾಗುತ್ತಾರೆ ಎಂದು ಬಹಳ ದಿನ ತಿಳಿಯಲಿಲ್ಲ. ಆಮೇಲೆ ಓದಿದೆ: ಮನಸೂರರ ಮೊದಲ ದೊಡ್ಡ ಗುರು ಮಿರಜದ ನೀಲಕಂಠಬುವಾ. ಗದಗಿನ ಪಂಚಾಕ್ಷರಿ ಗವಾಯಿಗಳು ಕಲಿತದ್ದೂ ಅವರ ಹತ್ತಿರ. ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಸಿಕ್ಕ ಊರಲ್ಲಿ ಪಾಠ ಹೇಳಿ, ಸಿಕ್ಕದ್ದನ್ನು ಉಣಿಸಿ ಶಾಲೆ ನಡೆಸಿದವರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಗೂಡು ಕಾಯ್ದರು. ಗುರು ಶಿಷ್ಯರಿಬ್ಬರೂ ಅಂಧರು. ಅವರ ಕೈಯಲ್ಲಿ ಬೆಳೆದ ಹುಡುಗರು ನಮ್ಮ ಹಳ್ಳಿಗಳ ಪುರಾಣಕ್ಕೆ ಬರದೇ ಹೋಗಿದ್ದರೆ, ಜೋಳ ಬೆಳೆಯುವ ರೈತನೊಬ್ಬ ಲಲತಕ್ಕೂ ರಾಮಕಲಿಗೂ ನಡುವಿನ ಹೊತ್ತನ್ನು ಆಕಾಶ ನೋಡಿ ಹೇಳುವ ಕಾಲ ಬರುತ್ತಿರಲಿಲ್ಲ.

ಈ ನೆಲಕ್ಕೆ ರಾಗಸಂಗೀತ ಹೊಸದೂ ಅಲ್ಲ. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು, ಗಣಪತಿಯನ್ನು ಸ್ತುತಿಸಿದ. ಹಾಡುಗಳಿಗೆ ರಾಗ ಗೊತ್ತು ಮಾಡಿದ. ಭೈರವ, ಆಸಾವರಿ ಅದರಲ್ಲೂ ಇವೆ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಪ್ರೀತಿಸಿದ. ಇವತ್ತು ಮಿರಜದಲ್ಲಿ ತಯಾರಾಗುವ ತಂಬೂರಿಯ ಬುರುಡೆಗಳು ಪಂಢರಪುರದ ಸುತ್ತ ಭೀಮಾ ತೀರದಲ್ಲಿ ಬೆಳೆದವು. ಅದೇ ಭೀಮೆ ಮುಂದೆ ನಮ್ಮ ಇಂಡಿ, ಸಿಂದಗಿ ಸೀಮೆಯ ಅಂಚಿಗೆ ಹರಿದು ಬರುತ್ತಾಳೆ.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಬೆಳಗಿನ ರಾಗಗಳು ನಮ್ಮ ಕಛೇರಿಗಳಿಂದ ಹೊರಟುಹೋಗಿವೆ. 2000ದಲ್ಲಿ ಶಬ್ದ ಮಾಲಿನ್ಯದ ನಿಯಮಗಳು ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ನಿಯಮ ಬೇಕಾದದ್ದೇ. ಕಾಯಿಲೆಯವರು, ಓದುವ ಮಕ್ಕಳು, ಹಸುಗೂಸುಗಳು ಇರುವ ಊರಲ್ಲಿ ರಾತ್ರಿಯಿಡೀ ಮೈಕು ಕೂಗಿಸುವುದು ತಪ್ಪು. ಆದರೆ ಅಹೋರಾತ್ರಿ ಸಂಗೀತ ಅದರೊಂದಿಗೆ ಬಹುಮಟ್ಟಿಗೆ ಮುಗಿಯಿತು. ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ ಕೂಡ ರಾತ್ರಿಯೆಲ್ಲ ನಡೆಯುವುದು ನಿಂತಿತು. ಈಗ ಹೆಚ್ಚಿನ ಕಡೆ ಸಂಜೆ 6ಕ್ಕೆ ಶುರು, 10ಕ್ಕೆ ಮುಕ್ತಾಯ. ಯಮನ, ಬಾಗೇಶ್ರೀ, ಹೆಚ್ಚೆಂದರೆ ದರಬಾರಿ. ನನ್ನ ಮೊಮ್ಮಗಳಿಗೆ 19 ವರ್ಷ, ಚೆಂದ ಹಾಡುತ್ತಾಳೆ. ಬೆಳಗಿನ ರಾಗವಾದ ತೋಡಿಯನ್ನು ಎದುರಿಗೆ ಕೂತು ಅವಳು ಒಮ್ಮೆಯೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ಗದಗಿನ ಕಡೆಯ ಹಿರಿಯ ಗವಾಯಿಗಳೊಬ್ಬರನ್ನು ಕರೆಸಿದ್ದರು. ಅವರು 6 ಗಂಟೆಗೇ ತಂಬೂರಿ ಶ್ರುತಿ ಮಾಡಿಕೊಂಡು ವೇದಿಕೆಯ ಹಿಂದೆ ಕೂತರು. ಸನ್ಮಾನ, ಶಾಲು, ಹಾರ, ಭಾಷಣ ಮುಗಿಯುವಷ್ಟರಲ್ಲಿ 9 ದಾಟಿ 25 ನಿಮಿಷ. ‘ಬೇಗ ಒಂದು ಭಕ್ತಿಗೀತೆ ಹಾಡಿಬಿಡ್ರಿ’ ಎಂದರು. ಅವರು ಹಾಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಜ್ಜ ಇದ್ದಿದ್ದರೆ ಎದ್ದು ನಿಂತು, ಹೀಗೇಕೆ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ ಎಂಬ ನೋವು ಇವತ್ತಿಗೂ ಇದೆ.

ಬೆಳಿಗ್ಗೆ 5 ಗಂಟೆಯ ಸುಮಾರಿಗೆ ಅವರು ತಂಗಿದ್ದ ಮಠದ ಕೋಣೆಯ ಹತ್ತಿರ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ರಿಯಾಜ ನಡೆದಿತ್ತು. ಮೈಕಿಲ್ಲ, ತಬಲಾ ಇಲ್ಲ, ತಂಬೂರಿ ಮತ್ತು ದನಿ. ಹೊಸ್ತಿಲಲ್ಲಿ ಕೂತೆ. ಅಂಗಳ ಗುಡಿಸುತ್ತಿದ್ದ ಹೆಣ್ಣುಮಗಳು ಕಸಬರಿಗೆ ಗೋಡೆಗೆ ಆನಿಸಿ ನಿಂತಳು. ದಾಸೋಹದ ಅಡುಗೆಯವರೊಬ್ಬರು ಒಲೆಗೆ ಕಟ್ಟಿಗೆ ಹಾಕಿ ಬಂದು ಕೂತರು. ಮಠದಲ್ಲಿ ಓದುವ ಇಬ್ಬರು ಹುಡುಗರು ಟಾವೆಲ್ ಹೆಗಲ ಮೇಲೆ ಹಾಕಿಕೊಂಡು ಹಾಗೇ ನಿಂತರು. ನನ್ನನ್ನೂ ಸೇರಿಸಿ ಒಟ್ಟು ಐದು ಜನ. ಒಂದೂವರೆ ತಾಸು ಭೈರವ. ಹಾಡು ಮುಗಿದ ಮೇಲೆ ಆ ಹುಡುಗರಲ್ಲಿ ಒಬ್ಬ ನನ್ನ ಕಿವಿಯಲ್ಲಿ ಕೇಳಿದ, ‘ಅಜ್ಜಾರ, ಇದನ್ನ ನಿನ್ನೆ ಯಾಕ ಹಾಡ್ಲಿಲ್ರಿ?’

ನಾನು ಹೇಳಿದೆ, ‘ಇದರ ಹೊತ್ತು ಈಗ, ತಮ್ಮಾ.’

ಕೇಳುಗರೆ, ನಿಮ್ಮೂರಲ್ಲಿ ಶ್ರಾವಣ ಬರುತ್ತದೆ, ಪುರಾಣ ಹಚ್ಚುತ್ತಾರೆ, ಜಾತ್ರೆಯಾಗುತ್ತದೆ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ಬಾಗೇವಾಡಿಯಿರಲಿ, ಜಾತ್ರಾ ಕಮಿಟಿಯ ಸಭೆ ಕರೆದಾಗ ನೀವೂ ಹೋಗಿ ಕೂಡಿರಿ. ಬಂದ ಗವಾಯಿಗಳಿಗೆ ಮರುದಿನ ಬೆಳಿಗ್ಗೆ 6 ಗಂಟೆಗೆ ಮಠದ ಪಡಸಾಲೆಯಲ್ಲಿ ಒಂದು ಜಮಖಾನೆ ಹಾಸಿಕೊಡಿ ಎಂದು ಕೇಳಿರಿ. ಹೊತ್ತೇರುವವರೆಗೆ ಅವರು ಹಾಡಲಿ. ಆ ಹೊತ್ತಿಗೆ ಮೈಕಿಗೂ ಅಡ್ಡಿಯಿಲ್ಲ, ಪಡಸಾಲೆಯಲ್ಲಿ ಮೈಕು ಬೇಕಾಗುವುದೂ ಇಲ್ಲ. ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಿರಿ, ಕಂಬಳಿ ಹೊದಿಸಿಕೊಂಡೇ ಹೋಗಿರಿ. ಗವಾಯಿಗಳು ಬೆಳಕಾಯಿತೇ ಎಂದು ಕೇಳಿದರೆ ಎದ್ದು ಹೋಗಿ ನೋಡಿ ಬಂದು ಹೇಳಿರಿ.