ಪದಕವಿಲ್ಲದ ಎದೆಯ ಹೆಮ್ಮೆ

(ಯುವಕರ ಸಭೆಯಲ್ಲಿ ಆಡಿದ ಮಾತು)



ನಮ್ಮ ಕಡೆಯ ಊರುಗಳ ಹೆಸರು ಹೇಳಿದರೆ ಪೇಟೆಯ ಹುಡುಗರಾದ ನಿಮಗೆ ಏನು ನೆನಪಾಗುತ್ತದೆ? ಹುಣಸೂರು ಎಂದರೆ ಹೊಗೆಸೊಪ್ಪು. ಕೆ.ಆರ್.ನಗರ ಎಂದರೆ ಭತ್ತ. ಎಚ್.ಡಿ.ಕೋಟೆ ಎಂದರೆ ಕಬಿನಿ, ಕಾಡು, ಆನೆ. ಪಿರಿಯಾಪಟ್ಟಣ ಎಂದರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್! ಭಾನುವಾರ ಬೈಕಿನಲ್ಲಿ ಬರುತ್ತೀರಿ, ಫೋಟೋ ಹೊಡೆಸಿಕೊಳ್ಳುತ್ತೀರಿ, ಮೊಮೊ ತಿಂದು ಕೊಡಗಿಗೆ ಹೋಗುತ್ತೀರಿ. ಬರಬೇಡಿ ಎನ್ನುವುದಿಲ್ಲ. ಆದರೆ ಅಲ್ಲಿ ಜಪಮಣಿ ಎಣಿಸುತ್ತಾ ಕೂತ ಮುದುಕರನ್ನು ಒಮ್ಮೆ ನೋಡಿ. ಈ ದೇಶಕ್ಕಾಗಿ ಬಂದೂಕು ಹಿಡಿದವರು ಅವರಲ್ಲಿದ್ದಾರೆ.

ಚೀನಾ ಟಿಬೆಟ್ಟನ್ನು ನುಂಗಿದಾಗ ಓಡಿ ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಕ್ಯಾಂಪು ಎದ್ದಿತು. 1962ರಲ್ಲಿ ಚೀನಾ ನಮ್ಮ ಮೇಲೆ ಏರಿ ಬಂತು. ಆ ನವೆಂಬರಿನಲ್ಲೇ ಟಿಬೆಟನ್ನರದೊಂದು ಗುಟ್ಟಿನ ಪಡೆ ಹುಟ್ಟಿತು. ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ನೆಲೆ ಹಿಮಾಲಯದ ಚಕ್ರಾತಾ. ಮೊದಲ ದಳಪತಿ ಸುಜನ್ ಸಿಂಗ್ ಉಬಾನ್. ಜನ ಅದನ್ನು ಕರೆದದ್ದು 'ಟೂ-ಟೂ' ಎಂದು, ಅಂದರೆ 22.

ಚೀನಾದ ಎದುರು ಹೋರಾಡಲು ಕಟ್ಟಿದ ಪಡೆ ಅದು. ಆದರೆ 1971ರ ನವೆಂಬರಿನಲ್ಲಿ ಅವರನ್ನು ಕಳಿಸಿದ್ದು ಎಲ್ಲಿಗೆ? ಮಿಜೋರಾಂ ಕಡೆಯಿಂದ ಚಿತ್ತಗಾಂಗ್ ಬೆಟ್ಟಗಳಿಗೆ, ಪಾಕಿಸ್ತಾನದ ಸೈನ್ಯದ ಮೇಲೆ! ಪಾಕಿಸ್ತಾನ ಅವರಿಗೆ ಏನು ಮಾಡಿತ್ತು? ಏನೂ ಇಲ್ಲ. ಆದರೂ ಹೋದರು. ಸೇತುವೆ ಒಡೆದರು, ಠಾಣೆ ಹಿಡಿದರು, ಪಾಕ್ ಸೈನಿಕರು ಬರ್ಮಾ ಕಡೆ ಜಾರದಂತೆ ದಾರಿ ಕಟ್ಟಿದರು. 56 ಮಂದಿ ಸತ್ತರು. ಸುಮಾರು 190 ಮಂದಿ ಗಾಯಗೊಂಡರು. ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರು ಶರಣಾದ. ದೇಶ ಕುಣಿಯಿತು. ಇವರಿಗೆ ಶೌರ್ಯ ಪದಕ ಬರಲಿಲ್ಲ! ಕೆಲವರಿಗೆ ನಗದು ಬಹುಮಾನ, ಅಷ್ಟೇ. ಇಲ್ಲವೇ ಇಲ್ಲ ಎಂದು ಹೇಳಬೇಕಾದ ಪಡೆಗೆ ಬಹಿರಂಗವಾಗಿ ಪದಕ ಕೊಡುವುದು ಹೇಗೆ?

ನಾನು ಪ್ರೆಸ್ಸಿನವನು. ಸನ್ಮಾನ ಪತ್ರ ಅಚ್ಚು ಹಾಕಿ ಹಾಕಿ ಕೈ ಸವೆದಿದೆ. ತನಗೆ ತಾನೇ ಬಿರುದು ಬರೆದುಕೊಂಡು ಬಂದು, ಅಕ್ಷರ ಇನ್ನೂ ದಪ್ಪಗಿರಲಿ ಎನ್ನುವವರನ್ನು ದಿನವೂ ನೋಡುತ್ತೇನೆ. ಕ್ಯಾಂಪಿನ ಅಂಗಡಿಯ ಬಿಲ್ ಪುಸ್ತಕ ಮಾಡಿಸಲು ಬರುವ ಹಿರಿಯರೊಬ್ಬರು 'ಟೂ-ಟೂ'ದವರು. ಬೇಜಾರಿಲ್ಲವೇ ಎಂದು ಕೇಳಿದೆ. "ಪದಕ ಒಬ್ಬನ ಎದೆಗೆ ಹಾಕ್ತಾರೆ ಸ್ವಾಮಿ. ನಾವು ಒಬ್ಬರಾಗಿ ಹೋಗಿರಲಿಲ್ಲ" ಎಂದರು, ಅಚ್ಚ ಮೈಸೂರು ಕನ್ನಡದಲ್ಲಿ. ಆಮೇಲೆ ಜೊತೆಯವರ ಹೆಸರು ಹೇಳತೊಡಗಿದರು. ನೀರು ಹಂಚಿದವನು, ಗಾಯಗೊಂಡವನನ್ನು ಹೊತ್ತವನು, ಹಿಂತಿರುಗದವನು. ಐವತ್ತು ವರ್ಷ ದಾಟಿದರೂ ಒಂದು ಹೆಸರೂ ತಪ್ಪಲಿಲ್ಲ.

ಗೆಳೆಯರೇ, ಸಿಪಾಯಿಯ ಹೆಮ್ಮೆ ಎಂದರೆ ಇದು. ಪಕ್ಕದಲ್ಲಿದ್ದವನು ನನ್ನನ್ನು ನಂಬಿದ, ನಾನು ಅವನ ಕೈ ಬಿಡಲಿಲ್ಲ ಎಂಬ ಒಂದೇ ಮಾತು. ಅದನ್ನು ಯಾವ ಸರ್ಕಾರವೂ ಕೊಡಲಾರದು, ಕಿತ್ತುಕೊಳ್ಳಲೂ ಆರದು. ಸಂಘ ಕಟ್ಟುವ ನಾವು, ವೇದಿಕೆಯ ಕುರ್ಚಿಗೆ ಜಗಳ ಆಡುವ ನಾವು, ಇದನ್ನು ಕಲಿಯಬೇಡವೇ?

2020ರ ಆಗಸ್ಟಿನಲ್ಲಿ ಲಡಾಖಿನಲ್ಲಿ ಇದೇ ಪಡೆಯ ನೀಮಾ ತೆನ್‌ಜಿನ್ ನೆಲಬಾಂಬಿಗೆ ಬಲಿಯಾದರು. ಲೇಹ್‌ನಲ್ಲಿ ಅವರ ಶವಪೆಟ್ಟಿಗೆಯ ಮೇಲೆ ಭಾರತದ ಬಾವುಟ, ಟಿಬೆಟ್ಟಿನ ಬಾವುಟ ಎರಡನ್ನೂ ಹೊದಿಸಿದ್ದರು. ಗುಟ್ಟಿನ ಪಡೆಯನ್ನು ದೇಶ ಅಂದು ಕಣ್ಣಾರೆ ಕಂಡಿತು. 1971ರ 56 ಮಂದಿಗೆ ಆ ಭಾಗ್ಯ ಇರಲಿಲ್ಲ.

ಅಂದಿನ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ದಿನ ಕಳೆದಂತೆ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಮುಂದಿನ ಸಲ ಬೈಲಕುಪ್ಪೆಗೆ ಬಂದಾಗ ಫೋಟೋ ಆಮೇಲೆ ತೆಗೆಸಿಕೊಳ್ಳಿ. ಮೊದಲು ಆ ಹಿರಿಯರಿಗೆ ಕನ್ನಡದಲ್ಲೇ ನಮಸ್ಕಾರ ಹೇಳಿ, ಪಕ್ಕದಲ್ಲಿ ಕೂತು ಕೇಳಿ, ಬರೆದುಕೊಳ್ಳಿ. ಡಿಸೆಂಬರ್ 16ರಂದು ನಿಮ್ಮ ಬಳಗದಲ್ಲಿ ಬಾವುಟ ಹಾರಿಸುವುದಾದರೆ ಅವರಲ್ಲೊಬ್ಬರ ಕೈಯಲ್ಲಿ ಹಾರಿಸಿ. ಬರೆದು ತಂದರೆ ಅಚ್ಚು ಹಾಕಿ ಕೊಡುವ ಕೂಲಿ ನನ್ನದು.

ಸಿರಿಗನ್ನಡಂ ಗೆಲ್ಗೆ!