ಯಂತ್ರಕ್ಕೆ ತಿಳಿಯುವಂತೆ ಹೇಳುವುದು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಾನು ಓದಿದ್ದು ಚರಿತ್ರೆ. ಬಿ.ಎ., ಬಿ.ಟಿ. ಮಾಡಿ ಇಷ್ಟು ಕಾಲ ರಾಜರ ಕಥೆ ಹೇಳಿದವನು ಈ ದಿನ ಗಣಕಯಂತ್ರದ ವಿಷಯ ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ವರ್ಷ ಮಸಿನಗುಡಿಯ ಕಡೆಯ ತಂದೆಯೊಬ್ಬರು ನನ್ನ ಕೋಣೆಗೆ ಬಂದು, "ಮೇಷ್ಟ್ರೇ, ಮಗಳು ಮುಂದೆ ಕಂಪ್ಯೂಟರ್ ಓದಬೇಕು ಎನ್ನುತ್ತಾಳೆ. ಕನ್ನಡದಲ್ಲಿ ಓದಿಸಿ ನಾನು ತಪ್ಪು ಮಾಡಿದೆನೇ?" ಎಂದು ಕೇಳಿದರು. ತನಗೆ ತಿಳಿಯದ ವಿಷಯದಲ್ಲಿ ಧೈರ್ಯ ಹೇಳುವುದು ಉಪಾಧ್ಯಾಯನಿಗೆ ಒಪ್ಪುವ ಕೆಲಸವಲ್ಲ. ಆದುದರಿಂದ ನಾನೇ ವಿದ್ಯಾರ್ಥಿಯಾಗಿ ಸೇರಿದೆನು.

ಮದರಾಸಿನ ಐ.ಐ.ಟಿ.ಯವರು 2020ರಲ್ಲಿ ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಕುಳಿತು ಓದುವ ಪದವಿಯೊಂದನ್ನು ಆರಂಭಿಸಿದರು. ಹನ್ನೆರಡನೆಯ ತರಗತಿ ಮುಗಿಸಿದವರು, ವಯಸ್ಸು ಎಷ್ಟೇ ಆಗಿರಲಿ, ನಾಲ್ಕು ವಾರಗಳ ಪಾಠ ಕೇಳಿ ಅರ್ಹತಾ ಪರೀಕ್ಷೆಗೆ ಕೂರಬಹುದು. ಜೆ.ಇ.ಇ. ಬರೆಯಬೇಕಾಗಿಲ್ಲ. ಅಲ್ಲಿಯ ಮೊದಲ ಪಾಠಗಳಲ್ಲಿ 'ಗಣನಾತ್ಮಕ ಚಿಂತನೆ' ಎಂಬುದೊಂದು. ಅದನ್ನು ರೂಪಿಸಿದವರು ಪ್ರಾಧ್ಯಾಪಕರಾದ ಮಾಧವನ್ ಮುಕುಂದ್ ಮತ್ತು ಜಿ. ವೆಂಕಟೇಶ್ ಅವರು. ಯಂತ್ರದ ಭಾಷೆ ಕಲಿಸುವರೆಂದು ಕಾದಿದ್ದ ನನಗೆ ಅವರು ತೋರಿಸಿದ್ದು ಕಾಗದದ ಚೀಟಿಗಳನ್ನು! ಒಂದೊಂದು ಚೀಟಿಯಲ್ಲಿ ಒಬ್ಬ ವಿದ್ಯಾರ್ಥಿಯ ಅಂಕಗಳು. ಅತಿ ಹೆಚ್ಚು ಅಂಕ ಯಾವುದು? ಮೊದಲ ಚೀಟಿಯ ಅಂಕವನ್ನು ಬರೆದಿಟ್ಟುಕೊಳ್ಳಿ. ಮುಂದಿನದು ಅದಕ್ಕಿಂತ ಹೆಚ್ಚಾಗಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಿರಿ. ಚೀಟಿಗಳು ಮುಗಿಯುವ ತನಕ ಹೀಗೆಯೇ ಮಾಡಿರಿ. ನಮ್ಮ ಗುಮಾಸ್ತರು ಪ್ರತಿ ವರ್ಷವೂ ಮಾಡುವ ಕೆಲಸವೇ ಇದು. ಅವರು ಇದಕ್ಕೆ ಪ್ರೋಗ್ರಾಮಿಂಗ್ ಎಂದು ಹೆಸರಿಟ್ಟಿರಲಿಲ್ಲ, ಅಷ್ಟೆ.

ಇಷ್ಟು ಸುಲಭವೇ ಎಂದು ನನಗೆ ಸ್ವಲ್ಪ ಗರ್ವ ಬಂದಿತು. ಆ ಗರ್ವ ಮುರಿದದ್ದು ಬಂಡೀಪುರದ ರಸ್ತೆಯಲ್ಲಿ.

ಗೂಡಲೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ವನ್ಯಮೃಗಗಳ ರಕ್ಷಣೆಗಾಗಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದರೆಂಬುದು ನಿಮಗೆಲ್ಲ ತಿಳಿದಿದೆ. ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಮನುಷ್ಯನ ಬದಲು ಯಂತ್ರವೊಂದನ್ನು ನಿಲ್ಲಿಸಿದರೆ ಅದಕ್ಕೆ ಈ ನಿಯಮವನ್ನು ಹೇಗೆ ಹೇಳಬೇಕು? ಅಭ್ಯಾಸಕ್ಕೆಂದು ಕಪ್ಪುಹಲಗೆಯ ಮೇಲೆ ಬರೆದೆ: "ಗಂಟೆ 21 ಅಥವಾ ಅದಕ್ಕಿಂತ ಹೆಚ್ಚು ಆಗಿದ್ದು, ಮತ್ತು 6ಕ್ಕಿಂತ ಕಡಿಮೆ ಆಗಿದ್ದರೆ, ಗೇಟು ಹಾಕು." ನಾವು ಮಾತಿನಲ್ಲಿ ಹೇಳುವುದೂ ಹೀಗೆಯೇ ಅಲ್ಲವೆ, ಒಂಬತ್ತರ ಮೇಲೆ ಮತ್ತು ಆರರೊಳಗೆ ಎಂದು?

ಬಾಗಿಲ ಬಳಿ ನಿಂತು ನೋಡುತ್ತಿದ್ದ ಹುಡುಗಿ ಕೇಳಿದಳು: "ಸಾರ್, ಒಂದೇ ಗಂಟೆ ಎರಡೂ ಆಗುವುದು ಹೇಗೆ?"

ಪರೀಕ್ಷಿಸಿ ನೋಡಿದೆವು. ರಾತ್ರಿ ಹತ್ತು ಗಂಟೆ, ಎಂದರೆ 22. ಅದು 21ಕ್ಕಿಂತ ಹೆಚ್ಚು, ಸರಿ. 6ಕ್ಕಿಂತ ಕಡಿಮೆಯೇ? ಅಲ್ಲ. ಗೇಟು ತೆರೆದೇ ಉಳಿಯಿತು. ಬೆಳಗಿನ ಜಾವ 3. ಅದು 6ಕ್ಕಿಂತ ಕಡಿಮೆ, ಆದರೆ 21 ದಾಟಿಲ್ಲ. ಮತ್ತೆ ತೆರೆದೇ ಉಳಿಯಿತು. ನನ್ನ 'ಮತ್ತು' ಎಂಬ ಒಂದು ಮಾತಿನಿಂದ ಇರುಳೆಲ್ಲ ಲಾರಿಗಳು ಆನೆಗಳ ನಡುವೆ ಓಡಿದವು! ಅಲ್ಲಿ ಬೇಕಾಗಿದ್ದುದು 'ಅಥವಾ'. ಅದನ್ನು ತಿದ್ದಿ ಮುಗಿಸುವಷ್ಟರಲ್ಲಿ ಅವಳು, "ಆಂಬುಲೆನ್ಸ್ ಬಂದರೆ?" ಎಂದಳು. ಆಂಬುಲೆನ್ಸಿಗೆ ವಿನಾಯಿತಿ ಉಂಟು. ಆದುದರಿಂದ ಗಂಟೆ ಎಷ್ಟೆಂದು ಕೇಳುವ ಮೊದಲು ವಾಹನ ಯಾವುದೆಂದು ಕೇಳಬೇಕು. ಪ್ರಶ್ನೆಗಳ ಕ್ರಮ ತಪ್ಪಿದರೆ ರೋಗಿ ಗೇಟಿನ ಬಳಿಯೇ ಉಳಿಯುತ್ತಾನೆ. ಈ ಹುಡುಗಿ ಯಾರೆಂದು ಹೇಳಲಿಲ್ಲವಷ್ಟೆ. ನನ್ನ ಕೋಣೆಗೆ ಬಂದಿದ್ದ ಆ ತಂದೆಯ ಮಗಳೇ ಇವಳು, ಒಂಬತ್ತನೆಯ ತರಗತಿ.

ಪೋಷಕರಿಂದ ಒಂದು ಮಾತನ್ನು ಮುಚ್ಚಿಡಲಾರೆ. ಪಾಠಗಳು ಇಂಗ್ಲಿಷಿನಲ್ಲಿದ್ದವು. ಅರ್ಧ ಗಂಟೆಯ ಪಾಠಕ್ಕೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ನಾನು ಒಂದೂವರೆ ಗಂಟೆ ಕಳೆದದ್ದುಂಟು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಪಾಠ ನಡುವೆ ನಿಂತದ್ದೂ ಉಂಟು. ಕೊನೆಗೆ ಬೆಟ್ಟ ಇಳಿದು ಹೋಗಿ ಬರೆದ ಪರೀಕ್ಷೆಯಲ್ಲಿ ಗಣಿತದ ಭಾಗದಲ್ಲಿ ಅನುತ್ತೀರ್ಣನಾದೆ. ವಿದ್ಯಾರ್ಥಿಗಳು ನಗಬಹುದು, ಅಡ್ಡಿಯಿಲ್ಲ. ಆದರೆ ಗೇಟಿನ ತಪ್ಪು ಇಂಗ್ಲಿಷಿನದಲ್ಲ. ಅದನ್ನು ನಾನು ಕನ್ನಡದಲ್ಲಿ ಮಾಡಿದೆ, ಅವಳು ಕನ್ನಡದಲ್ಲಿ ಹಿಡಿದಳು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದನು. ಲೆಕ್ಕದ ಹೆಜ್ಜೆಗಳನ್ನು ಹೇಳುವುದು ನಮ್ಮ ಭಾಷೆಗೆ ಹೊಸದಲ್ಲ. ಆ ತಂದೆಗೆ ನಾನು ಕೊಟ್ಟ ಉತ್ತರವೂ ಇದೇ: ಮಗಳು ಇಂಗ್ಲಿಷನ್ನು ಇನ್ನೂ ಚೆನ್ನಾಗಿ ಕಲಿಯಲೇಬೇಕು, ಅದಕ್ಕೆ ಶ್ರಮವಿದೆ, ಆದರೆ ಯೋಚಿಸುವುದನ್ನು ಅವಳು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ.

ಬರುವ ಶನಿವಾರ ಮಧ್ಯಾಹ್ನದಿಂದ ಆಸಕ್ತಿಯುಳ್ಳವರು ನನ್ನೊಡನೆ ಕೂರಬಹುದು. ಗಣಕಯಂತ್ರ ಬೇಡ, ಕಾಗದ ಮತ್ತು ಪೆನ್ಸಿಲು ಸಾಕು. ಮೊದಲ ಲೆಕ್ಕ ಕಲ್ಲಟ್ಟಿ ಘಾಟಿನದು. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಬಸ್ಸು 36 ತಿರುವುಗಳನ್ನು ಎಣಿಸಿ ನಿಲ್ಲಬೇಕು. ತಿರುವು ದಾಟಿದ ಮೇಲೆ ಒಂದನ್ನು ಕೂಡಿಸಲು ಮರೆತರೆ ಬಸ್ಸು ಏನಾಗುವುದೆಂದು ಯೋಚಿಸಿಕೊಂಡು ಬನ್ನಿರಿ.