ಪಗಾರಿಲ್ಲದ ಡ್ಯೂಟಿ, ತಡವಾಗಿ ಬರೋ ರೊಕ್ಕ

(ಹಾನಗಲ್ಲಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಕೇರಿಗಳಿಂದ ಬಂದಿದ್ದೀರಿ. ನಮ್ಮಿಂದ ಕವಿತೆ ಓದಿಸಬೇಕೆಂದು ಕರೆದವರ ಆಸೆ. ಕವಿತೆ ಆಮೇಲೆ ಓದೋಣ. ಮೊದಲು ರೊಕ್ಕದ ಮಾತು. ಹಾಸ್ಟೆಲಿನಲ್ಲಿ ರಾತ್ರಿ ಲೈಟು ಆರಿದ ಮೇಲೆ ಪಿಸುಗುಡುವ ಮಾತು ಇದೇ, ಮೈಕಿನ ಮುಂದೆ ಯಾರೂ ಆಡದ ಮಾತೂ ಇದೇ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ನಾವು, ಪರೀಕ್ಷಾ ಶುಲ್ಕಕ್ಕೆ ರೊಕ್ಕ ಇಲ್ಲ ಅಂತ ಪಕ್ಕದ ಮಂಚದವನಿಗೆ ಹೇಳಲು ನಾಚುತ್ತೇವೆ.

ಅದರಲ್ಲೂ ಇವತ್ತು ನರ್ಸಿಂಗ್ ಓದುವ ನಮ್ಮ ತಂಗಿಯರು, ತಮ್ಮಂದಿರ ಮಾತು ಆಡಬೇಕಾಗಿದೆ. ಬಿ.ಎ. ಓದಿದ ನಮ್ಮಂಥವರು ಸುಗ್ಗಿಯಲ್ಲಿ ಗೋವಿನಜೋಳ ಮುರಿಯಲು ಹೋಗಿದ್ದೇವೆ, ಪೆಂಡಾಲು ಕಟ್ಟಿದ್ದೇವೆ, ಗೌಂಡಿಗಳ ಕೈಕೆಳಗೆ ಇಟ್ಟಿಗೆ ಹೊತ್ತಿದ್ದೇವೆ. ಹದಿನೈದು ದಿನ ಕ್ಲಾಸು ತಪ್ಪಿದರೂ ಹೇಗೋ ಪಾಸಾದೆವು. ನರ್ಸಿಂಗಿನಲ್ಲಿ ಅದು ನಡೆಯೋದಿಲ್ಲ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು, ರಾತ್ರಿ ರೆಕಾರ್ಡು ಬರೆಯೋದು. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಬಿ.ಎಸ್ಸಿ. ಪಠ್ಯಕ್ರಮ ನೋಡಿ: ಎಂಟನೇ ಸೆಮಿಸ್ಟರಿನಲ್ಲಿ 22 ವಾರ ಇಂಟರ್ನ್‌ಶಿಪ್, ವಾರಕ್ಕೆ 48 ಗಂಟೆ. ಒಟ್ಟು 1,056 ಗಂಟೆ. ಕಾರ್ಖಾನೆಯ ಕಾರ್ಮಿಕನ ದುಡಿಮೆಗೆ 1948ರ ಕಾಯ್ದೆ ಹಾಕಿದ ಗೆರೆಯೂ ವಾರಕ್ಕೆ 48 ಗಂಟೆಯೇ. ಅವನಿಗೆ ಪಗಾರ ಇತ್ತು. ಊರಲ್ಲಿ ಮಾತ್ರ ನಮ್ಮ ಹುಡುಗಿಯನ್ನು ಕೇಳ್ತಾರೆ, ‘ಏನ ಕೆಲಸ ಮಾಡ್ತೀಯವ್ವ?’ ಅಂತ. ‘ಇನ್ನೂ ಕೆಲಸ ಇಲ್ರಿ, ಓದಾಕತ್ತೇನಿ’ ಅಂತಾಳೆ ಅವಳು. ರಾತ್ರಿ ಪಾಳಿ ಮುಗಿಸಿ, ಕಣ್ಣು ಉರೀತಿರುವಾಗಲೇ ಹಾಗೆ ಅಂತಾಳೆ.

ಕಲಿಕೆಗಾಗಿ ವಾರ್ಡಿನಲ್ಲಿ ನಿಲ್ಲುವುದನ್ನು ನಾವು ಶೋಷಣೆ ಅನ್ನುವುದಿಲ್ಲ. ಸೂಜಿ ಹಿಡಿಯೋದು ಪುಸ್ತಕದಿಂದ ಬರೋದಿಲ್ಲ. ಆದರೆ ಸಿಬ್ಬಂದಿ ಸಾಲದ ಕಡೆ, ಕಲಿಸುವವರು ಯಾರೂ ಪಕ್ಕದಲ್ಲಿಲ್ಲದೆ, ಎರಡನೇ ವರ್ಷದ ಹುಡುಗಿ ಒಬ್ಬಳೇ ಇಡೀ ವಾರ್ಡು ನೋಡಿಕೊಂಡರೆ ಅದಕ್ಕೆ ನಮ್ಮ ಕೇರಿಯಲ್ಲಿ ಹಳೆಯ ಹೆಸರಿದೆ: ಬಿಟ್ಟಿ. ನಮ್ಮ ಅಜ್ಜಂದಿರು ಗೌಡರ ಅಂಗಳದಲ್ಲಿ ಮಾಡಿದ್ದು ಅದನ್ನೇ.

ಸವಣೂರಿನವರಿಗೆ ನೆನಪಿರಬೇಕು. 2010ರ ಜುಲೈನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಲು ಹೊರಟಾಗ, ಪುರಸಭೆಯ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಗ ನಾವು ಸಣ್ಣವರು. ದೊಡ್ಡವರು ಪೇಪರು ಮಡಚಿಟ್ಟದ್ದು ನೆನಪಿದೆ. ಮಲ ಬಾಚುವ ಕೈಗೆ ಬೆಲೆ ಕಟ್ಟದ ಸಮಾಜವೇ ಬೆಡ್‌ಪ್ಯಾನ್ ಹಿಡಿಯುವ ಕೈಗೂ ಬೆಲೆ ಕಟ್ಟಲು ಹಿಂದೆ ಮುಂದೆ ನೋಡುತ್ತದೆ. ನಮ್ಮ ತಂಗಿ ಗಾಯ ತೊಳೆಯುವಾಗ ರೋಗಿ ಸುಮ್ಮನಿರುತ್ತಾನೆ. ನೋವು ಇಳಿದ ಮೇಲೆ ಕೇಳ್ತಾನೆ, ‘ಯಾವೂರವ್ವ? ಯಾರ ಪೈಕಿ?’

ಕಾಲೇಜಿನಲ್ಲಿ ದೀಪ ಬೆಳಗಿಸಿ ನೈಟಿಂಗೇಲಮ್ಮನ ಪ್ರತಿಜ್ಞೆ ಹೇಳಿಸುತ್ತಾರೆ, ಹೇಳಲಿ. ಆದರೆ 1897ರಲ್ಲಿ ಪುಣೆಯ ಪ್ಲೇಗಿನಲ್ಲಿ, ಕಾಯಿಲೆ ಬಿದ್ದ ಅಸ್ಪೃಶ್ಯರ ಮಗುವನ್ನು ಹೊತ್ತು ತಂದು, ಅದೇ ಪ್ಲೇಗು ತಗಲಿ ಮಾರ್ಚ್ 10ರಂದು ತೀರಿಕೊಂಡ ಸಾವಿತ್ರಿಬಾಯಿ ಫುಲೆಯ ಹೆಸರನ್ನೂ ಆ ದೀಪದ ಮುಂದೆ ಒಮ್ಮೆ ಹೇಳಿದರೆ ಎಣ್ಣೆಯೇನೂ ಹೆಚ್ಚು ಖರ್ಚಾಗೋದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಬಾಬಾಸಾಹೇಬರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ಪಟ್ಟು ಹಿಡಿದು ಕೇಳಿದ್ದು. 1944ರಿಂದ ನಡೆದು ಬಂದಿದೆ. 2021ರ ಕೇಂದ್ರ ನಿಯಮದಲ್ಲಿ ಮನೆಯ ವರ್ಷದ ಆದಾಯ 2.5 ಲಕ್ಷದೊಳಗಿರಬೇಕೆಂದು ಮಿತಿ ಹಾಕಿದರು. ಕೇಂದ್ರ 60, ರಾಜ್ಯ 40 ಪಾಲು. ಕಾಲೇಜಿನ ಕಡ್ಡಾಯ ಶುಲ್ಕ ಬೇರೆ. ಕೈಖರ್ಚಿನ ಭತ್ಯೆ ಎಂದು, ನರ್ಸಿಂಗಿನಂಥ ಕೋರ್ಸುಗಳ ಎರಡನೇ ಗುಂಪಿಗೆ, ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 9,500, ಮನೆಯಿಂದ ಓಡಾಡಿದರೆ 6,500. 9,500ನ್ನು ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 792 ಕೂಡ ತುಂಬುವುದಿಲ್ಲ. ಅದೂ ತಿಂಗಳು ತಿಂಗಳು ಬರುವುದಿಲ್ಲ. ಮೊದಲು ರಾಜ್ಯ ತನ್ನ ಪಾಲು ಹಾಕಬೇಕು, ಆಮೇಲೆ ಕೇಂದ್ರದ್ದು. ನಾವು ಕಂಡಂತೆ ಜೂನಿನ ಹಸಿವಿಗೆ ಬರಬೇಕಾದ ರೊಕ್ಕ ಮುಂದಿನ ಮಾರ್ಚಿಗೆ ಬಂದದ್ದಿದೆ. ಈ ನಡುವಿನ ತಿಂಗಳುಗಳಲ್ಲೇ ಸಾಲ ಹುಟ್ಟುತ್ತದೆ.

ಹಿರೇಕೆರೂರು ಕಡೆಯ ಒಬ್ಬ ತಂಗಿ ತನ್ನ ಲೆಕ್ಕದ ನೋಟ್‌ಬುಕ್ಕು ನಮಗೆ ತೋರಿಸಿದಳು. ಜಿ.ಎನ್.ಎಂ. ಎರಡನೇ ವರ್ಷ. ಖರ್ಚಿನ ಕಡೆ: ಎರಡು ಜೊತೆ ಯೂನಿಫಾರ್ಮು, ಬಿಳಿ ಶೂ, ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ವಾಚು, ರೆಕಾರ್ಡ್ ಪುಸ್ತಕ, ಚಾರ್ಟು, ಪ್ಯಾಡು, ಪರೀಕ್ಷಾ ಶುಲ್ಕ, ದೀಪದ ಸಮಾರಂಭದ ಚಂದಾ. ಧಾರವಾಡದ ಡಿಮ್ಹಾನ್ಸ್‌ಗೆ ಮಾನಸಿಕ ರೋಗಗಳ ಪೋಸ್ಟಿಂಗ್ ಬಿದ್ದಾಗ ಅಲ್ಲಿ ಖೋಲಿ ಬಾಡಿಗೆ. ಜಮಾ ಕಡೆ: ಅವ್ವನ ಗೃಹಲಕ್ಷ್ಮಿ 2,000, ಅದೂ ಬಂದ ತಿಂಗಳು. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿದ ಅವ್ವನ ಕೂಲಿ. ಕಟಕ ರೊಟ್ಟಿ 25, ಶೇಂಗಾ ಚಟ್ನಿ ಒಂದು ಡಬ್ಬಿ, ಇದನ್ನೂ ಜಮಾ ಅಂತಲೇ ಬರೆದಿದ್ದಾಳೆ! ನಡುವೆ ಒಂದು ಸಾಲು: ‘ಎಲ್ಲಾರೂ ಕ್ಯಾಂಟೀನಿಗೆ ಹೋದ್ರು. ಹೊಟ್ಟಿ ನೋವು ಅಂದೆ. 40 ಉಳೀತು.’

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಉಳಿತಾಯ ಅನ್ನುವ ಪಾಠ ನಾವು ಓದಿದ್ದೇವೆ. ಈ ಸಾಲು ಅಲ್ಲಿ ಇರಲಿಲ್ಲ.

ಆ ನೋಟ್‌ಬುಕ್ಕಿನಿಂದ ನಾವು ಕಲಿತದ್ದು ಇಷ್ಟು. ಬರೆದಿಟ್ಟರೆ ನಾಚಿಕೆ ಅರ್ಧ ಹೋಗುತ್ತದೆ, ಯಾಕೆಂದರೆ ತಪ್ಪು ಯಾರದು ಅಂತ ಕಾಣುತ್ತದೆ. ಅವಳ ಖರ್ಚಿನಲ್ಲಿ ಒಂದು ರೂಪಾಯಿ ದುಂದು ಇಲ್ಲ. ಅವಳಿಗೆ ‘ಮಿತವ್ಯಯ’ದ ಉಪದೇಶ ಮಾಡಲು ಬರುವವರು ಮೊದಲು ಆ ಪುಟ ಓದಲಿ. ಬಾಬಾಸಾಹೇಬರೂ 1913ರಲ್ಲಿ ಬರೋಡಾ ಮಹಾರಾಜರ ತಿಂಗಳಿಗೆ ಹನ್ನೊಂದೂವರೆ ಪೌಂಡಿನಲ್ಲಿ ನ್ಯೂಯಾರ್ಕಿನಲ್ಲಿ ಓದಿದವರು, ಕಾಸಿಗೆ ಕಾಸು ಲೆಕ್ಕ ಇಟ್ಟೇ ಬದುಕಿದವರು.

ಇನ್ನು ಎಚ್ಚರದ ಮಾತು. ರೊಕ್ಕ ಬರಲಿಲ್ಲ ಅನ್ನುವವರಲ್ಲಿ ಅನೇಕರ ರೊಕ್ಕ ಬೇರೆ ಖಾತೆಗೆ ಹೋಗಿ ಕೂತಿರುತ್ತದೆ. ಆಧಾರಿಗೆ ಕೊನೆಗೆ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೇ ಅದು ಬೀಳೋದು. ಹೈಸ್ಕೂಲಿನಲ್ಲಿ ತೆಗೆದ, ಪಾಸ್‌ಬುಕ್ಕು ಇಲಿ ತಿಂದ ಖಾತೆಯೂ ಆಗಿರಬಹುದು. ಬ್ಯಾಂಕಿಗೆ ಹೋಗಿ ಕೇಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರು ನಾಡಕಚೇರಿಯಿಂದ ಈಗಲೇ ತಂದಿಟ್ಟುಕೊಳ್ಳಿ, ಕೊನೆಯ ದಿನ ಸರ್ವರ್ ಕೈಕೊಡುತ್ತದೆ.

ಶುಲ್ಕದ ಪಾಲೂ ನಮ್ಮ ಖಾತೆಗೇ ಬರುತ್ತದಲ್ಲ, ಅಲ್ಲಿ ನಮ್ಮವರು ಜಾರುತ್ತಾರೆ. ಜನ್ಮದಲ್ಲಿ ಕಾಣದ ಮೊತ್ತ ಕಂಡಾಗ ಮನೆಯವರಿಗೆ ಹಳೆ ಸಾಲ ನೆನಪಾಗುತ್ತದೆ, ತಪ್ಪು ಅನ್ನಲಾರೆವು. ಆದರೆ ಅದು ಕಾಲೇಜಿಗೆ ಕಟ್ಟಬೇಕಾದ ರೊಕ್ಕ. ಅದನ್ನು ಮುಟ್ಟಿದರೆ ಪರೀಕ್ಷೆ ಹೊತ್ತಿಗೆ ಹಾಲ್ ಟಿಕೆಟಿಗೆ ಅಡ್ಡ ಬರುತ್ತದೆ. ನಮಗೆ ಗೊತ್ತಿರುವ ಇಬ್ಬರಿಗೆ ಹಾಗಾಯಿತು, ಒಬ್ಬಳು ವಾಪಸ್ ಕ್ರಾಸಿಂಗಿಗೇ ಹೋದಳು. ಮತ್ತೆ ಕೆಲವು ಏಜೆಂಟರು ‘ಬೆಂಗಳೂರಾಗ ಸೀಟು ಕೊಡಸ್ತೀನಿ’ ಅಂತ ಹುಡುಗಿಯರನ್ನು ಕರೆದೊಯ್ದು ಎ.ಟಿ.ಎಂ. ಕಾರ್ಡು ತಾವೇ ಇಟ್ಟುಕೊಳ್ಳುತ್ತಾರೆ. ಕಾರ್ಡು, ಪಿನ್ನು, ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ಸೇರುವ ಮುನ್ನ ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ನೋಡಿ.

ಸಂಘದ ಸಾಲದ ವಿಷಯ. ಮೊದಲ ವರ್ಷದ ಶುಲ್ಕಕ್ಕೆ ಅವ್ವ ಮೈಕ್ರೋ ಫೈನಾನ್ಸಿನಲ್ಲಿ ಸಾಲ ಎತ್ತುತ್ತಾಳೆ, ಕಂತು ಕಟ್ಟಲು ಇನ್ನೊಂದರಲ್ಲಿ ಎತ್ತುತ್ತಾಳೆ. 2022ರ ರಿಸರ್ವ್ ಬ್ಯಾಂಕಿನ ನಿಯಮ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತು ಆಗಬಾರದು ಅಂದಿತು. ವಸೂಲಿಯ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಾಗಿಲಲ್ಲಿ ಕೂತು ಅವ್ವನನ್ನು ಬೈದರೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ಕೊಡಿ, ಓದಿದ ಮಕ್ಕಳು ಅಷ್ಟಾದರೂ ಮಾಡಬೇಕು. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳ ತಂಟೆ ಬೇಡವೇ ಬೇಡ.

ಸಾಲ ಬೇಕೇ ಬೇಕೆಂದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಒತ್ತೆ ಇಡಬೇಕಿಲ್ಲ. ಆದರೂ ಕೌಂಟರಿನಲ್ಲಿ ‘ನಿಮ್ಮಪ್ಪಗ ಹೊಲ ಎಷ್ಟ ಐತಿ?’ ಅಂತ ಕೇಳ್ತಾರೆ. ಆಗ ಎದ್ದು ಬರಬೇಡಿ. ‘ಆಗೋದಿಲ್ಲ ಅನ್ನೂದನ್ನ ಕಾಗದದಾಗ ಬರದ ಕೊಡ್ರಿ’ ಅನ್ನಿ. ಶಿಗ್ಗಾಂವಿಯ ಗೆಳೆಯನೊಬ್ಬ ಹಾಗಂದ. ಕಾಗದ ಕೊಡಲಿಲ್ಲ, ಅರ್ಜಿ ತಗೊಂಡರು.

ಕೊನೆಗೆ ನಾವು ಮಾಡಿ ಕೆಡಿಸಿದ ಒಂದು ಕೆಲಸ ಹೇಳಬೇಕು. ಹಾಸ್ಟೆಲಿನಲ್ಲಿ ತಿಂಗಳಿಗೆ ತಲೆಗೆ 20 ರೂಪಾಯಿ ಹಾಕಿ ಒಂದು ಡಬ್ಬಿ ಇಟ್ಟೆವು. ಪರೀಕ್ಷಾ ಶುಲ್ಕಕ್ಕೆ ಸಿಕ್ಕಿಬಿದ್ದವರಿಗೆ ಬಡ್ಡಿ ಇಲ್ಲದ ಕೈಗಡ. ನಾಲ್ಕೇ ತಿಂಗಳಲ್ಲಿ ಡಬ್ಬಿ ಬರಿದಾಯಿತು. ಯಾರೂ ಕದ್ದಿರಲಿಲ್ಲ. ಯಾರಿಗೆ ಎಷ್ಟು ಕೊಟ್ಟೆವೆಂದು ನಾವು ಬರೆದಿಡಲಿಲ್ಲ, ‘ನಮ್ಮವರೇ ಅಲ್ಲವೆ’ ಅಂದುಕೊಂಡೆವು. ಈ ಸಲ ಹುಡುಗಿಯರ ಹಾಸ್ಟೆಲಿನವರು ಶುರು ಮಾಡಿದ್ದಾರೆ. ನೋಟ್‌ಬುಕ್ಕು ಆ ಹಿರೇಕೆರೂರಿನ ತಂಗಿಯ ಕೈಯಲ್ಲಿದೆ. ಪಾಸಾದ ಸೀನಿಯರುಗಳು ತಮ್ಮ ಪುಸ್ತಕ, ಸ್ಟೆತಾಸ್ಕೋಪು, ಇನ್ನೂ ಗಟ್ಟಿಯಿರುವ ಯೂನಿಫಾರ್ಮು ಅದೇ ಕಪಾಟಿಗೆ ಕೊಡಬೇಕೆಂದು ಅವರ ಕೇಳಿಕೆ.

ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿರುತ್ತೇವೆ. ರೊಕ್ಕ ಬರದವರು ಪಾಸ್‌ಬುಕ್ಕು, ಆಧಾರು, ಅರ್ಜಿಯ ನಂಬರು ತಗೊಂಡು ಬನ್ನಿ. ಸಮಾಜ ಕಲ್ಯಾಣ ಇಲಾಖೆಗೆ ಹೆಸರು, ಕೋರ್ಸು, ಬಾಕಿ ತಿಂಗಳು ಎಲ್ಲ ಬರೆದು ಒಂದೇ ಮನವಿ ಕೊಡೋಣ, ಸೋಮವಾರ ಎಲ್ಲರೂ ಕೂಡಿ ಹಾವೇರಿಗೆ ಹೋಗೋಣ. ಹುಡುಗಿಯರಿಗೆ ಬಸ್ಸು ಪುಕ್ಕಟೆ ಇದೆ. ಹುಡುಗರು ಟಿಕೆಟಿನ ರೊಕ್ಕ ಇವತ್ತೇ ಎತ್ತಿಡಿ.